ಲಘುಮೂಷಿಕ ನಿರ್ಣಯ: ಬೆಂಗಳೂರು ಗ್ರಾಮಾಂತರ ಪಾಠ

ಎತ್ತಿನ ಲಕ್ಷಣ ಹೇಳುವವರು ಈ ಸೀಮೆಯಲ್ಲಿ ಮನೆಗೊಬ್ಬರಿದ್ದಾರೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯೊಂದರ ಮುಂದೆ ನಿಂತು ಹಲ್ಲೆಷ್ಟು, ಸುಳಿ ಎಲ್ಲಿ, ಗೊರಸು ಹೇಗೆ ಎಂದು ಹೊತ್ತು ಮುಳುಗುವ ತನಕ ವಾದಿಸಬಲ್ಲ ಹಿರಿಯರಿಗೆ ಬರವಿಲ್ಲ. ಆದರೆ ಅದೇ ಹಿರಿಯರ ಮೊಮ್ಮಕ್ಕಳು ವ್ಯಾಲೊರಂಟ್, ಕೌಂಟರ್‌ಸ್ಟ್ರೈಕ್ ಆಡುವುದಕ್ಕೆ ವೈರಿಲ್ಲದ, ಹಗುರವಾದ, ಅಪ್ಪನ ಜೇಬು ತಾಳಿಕೊಳ್ಳುವ ಮೌಸನ್ನು ಆರಿಸುವ ಶಾಸ್ತ್ರವನ್ನು ಯಾರೂ ಬರೆದಿಟ್ಟಿಲ್ಲ. ಆ ಲೋಪವನ್ನು ಪರಿಹರಿಸಲು ಪ್ರಸ್ತುತ ಗ್ರಂಥಭಾಗ. ಅಧ್ಯಯನದ ಎಲ್ಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳು. ಆಕರಗಳು ಜಗಲಿ, ಬಸ್ ಸ್ಟಾಂಡ್, ಹಾಗೂ ಹೆಡ್‌ಫೋನಿನಿಂದ ಹೊರಗೆ ಸೋರಿಬಂದ ಬೈಗುಳ.

ಇಲ್ಲೊಂದು ಪೂರ್ವಪಕ್ಷವಿದೆ. ನಮ್ಮ ಹುಡುಗರಲ್ಲಿ ಹೆಚ್ಚಿನವರು ಆಡುವುದು ಮೊಬೈಲಿನಲ್ಲಿ. 2021ರಲ್ಲಿ ಬಿಜಿಎಂಐ ಎಂಬ ಮೊಬೈಲ್ ಆಟ ಬಂದ ಮೇಲಂತೂ ಹೆಬ್ಬೆರಳೇ ಆಯುಧ, ಮೌಸಿಗೇನು ಕೆಲಸ? ನಿಜ. ಆದರೆ ಅಲ್ಪಸಂಖ್ಯಾತ ಪಂಥಗಳಿಗೇ ಶಾಸ್ತ್ರ ಹೆಚ್ಚು ಬೇಕಾಗುತ್ತದೆ. ಎಲ್ಲರೂ ಮಾಡುವ ಕೆಲಸಕ್ಕೆ ಭಾಷ್ಯ ಬರೆದವರುಂಟೆ?

ಇತಿಹಾಸ ಪ್ರಕರಣ

ಅಮೆರಿಕದ ಡಗ್ಲಸ್ ಎಂಗಲ್‌ಬಾರ್ಟ್ ಕಲ್ಪಿಸಿದ ಮೊದಲ ಮೌಸನ್ನು 1964ರಲ್ಲಿ ಕಟ್ಟಿಕೊಟ್ಟವರು ಬಿಲ್ ಇಂಗ್ಲಿಷ್. ಮೈ ಮರದ್ದು, ಅಡಿಯಲ್ಲಿ ಎರಡು ಲೋಹದ ಚಕ್ರ, ನೆತ್ತಿಯ ಮೇಲೆ ಒಂದೇ ಗುಂಡಿ. ಮರ ಎಂದ ಕೂಡಲೇ ನಮ್ಮ ಜಿಲ್ಲೆಯ ವಿದ್ವಾಂಸರ ಕಿವಿ ನೆಟ್ಟಗಾಗಬೇಕು. 1986ರಲ್ಲಿ ಹುಟ್ಟಿದ ಬೆಂಗಳೂರು ಗ್ರಾಮಾಂತರದಿಂದ 2007ರಲ್ಲಿ ರಾಮನಗರ ಬೇರೆಯಾಗುವ ತನಕ ಬೊಂಬೆಗಳ ಚನ್ನಪಟ್ಟಣ ನಮ್ಮದೇ ಆಗಿತ್ತು. ಆ ಇಪ್ಪತ್ತೊಂದು ವರ್ಷಗಳಲ್ಲಿ ಅರಗಿನ ಬಣ್ಣದ ಮೌಸೊಂದು ಯಾಕೆ ಹುಟ್ಟಲಿಲ್ಲ ಎಂಬುದನ್ನು ಪಿಎಚ್.ಡಿ.ಗೆ ವಿಷಯ ಸಿಗದೆ ತಿರುಗುತ್ತಿರುವವರಿಗೆ ಬಿಟ್ಟಿದ್ದೇವೆ.

ಭಾರ ಪ್ರಕರಣ

ಈ ಶಾಸ್ತ್ರದ ಗಂಟಲಲ್ಲಿ ಸಿಕ್ಕಿಕೊಳ್ಳುವ ಮುಳ್ಳು ಇಲ್ಲಿದೆ. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ನೂಲನ್ನು ತೂಗಿ ಕೊಳ್ಳುತ್ತಾರೆ. ದೇವನಹಳ್ಳಿಯ ಚಕ್ಕೋತವನ್ನು ಅಂಗೈಯಲ್ಲಿ ಎತ್ತಿ ನೋಡಿ, ಭಾರ ಬಂದರೆ ರಸ ಇದೆ ಎನ್ನುತ್ತಾರೆ. ಹೊಸಕೋಟೆಯಲ್ಲಿ ನಸುಕಿಗೇ ಸಾಲು ನಿಂತು ತಿನ್ನುವ ಬಿರಿಯಾನಿಯಲ್ಲೂ ಪೀಸಿನ ಗಾತ್ರವೇ ಮುಖ್ಯ. ಭಾರವಿದ್ದರೆ ಬೆಲೆ, ಇದು ಜಿಲ್ಲೆಯ ಸಮಸ್ತ ಅರ್ಥಶಾಸ್ತ್ರ. ಮೌಸು ಮಾತ್ರ ಇದನ್ನು ತಲೆಕೆಳಗು ಮಾಡಿದೆ. ಇಲ್ಲಿ ದುಡ್ಡು ಕೊಡುವುದು ಇಲ್ಲದಿರುವುದಕ್ಕೆ.

ಲೆಕ್ಕ ನೋಡಿ. ಬಡವರ ಮನೆಯ ಕುಲದೇವತೆಯಾದ ಲಾಜಿಟೆಕ್ ಜಿ304, ಬ್ಯಾಟರಿ ಸೇರಿ 99 ಗ್ರಾಂ, ಬೆಲೆ ಮೂರು ಸಾವಿರದ ಆಸುಪಾಸು. ಅದೇ ಕಂಪನಿ 2020ರಲ್ಲಿ ತಂದ ಜಿ ಪ್ರೊ ಎಕ್ಸ್ ಸೂಪರ್‌ಲೈಟ್ 63 ಗ್ರಾಂ, ಬೆಲೆ ಹತ್ತು ಸಾವಿರದಾಚೆ. ಮೂವತ್ತಾರು ಗ್ರಾಂ ಇಲ್ಲದಿರುವುದಕ್ಕೆ ಕನಿಷ್ಠ ಏಳು ಸಾವಿರ ಹೆಚ್ಚು. ಅಂದರೆ ಇಲ್ಲದ ಗ್ರಾಂ ಒಂದಕ್ಕೆ ಹತ್ತಿರ ಹತ್ತಿರ 200 ರೂಪಾಯಿ. ಶೂನ್ಯವನ್ನು ಚಿಲ್ಲರೆಯಾಗಿ ಮಾರಿದ ಮೊದಲ ವ್ಯಾಪಾರ ಇದೇ ಇರಬೇಕು. ಇಂಥ ಮೌಸನ್ನು ಕೈಗೆ ತೆಗೆದುಕೊಂಡ ಯಾವ ತಂದೆಯೂ ಹೇಳುವ ಮಾತು ಒಂದೇ: ‘ಒಳಗೇನೂ ಇಲ್ವಲ್ಲಲಾ, ಖಾಲಿ ಡಬ್ಬ ಕೊಟ್ಟು ಕಳ್ಸವ್ರೆ.’ ಮೇಲುನೋಟಕ್ಕೆ ಇದು ಅಜ್ಞಾನ. ಪ್ರಬಂಧಕಾರನಿಗೆ ಇದರಷ್ಟು ಖಚಿತವಾದ ವಿಮರ್ಶೆ ಇನ್ನೆಲ್ಲೂ ಸಿಕ್ಕಿಲ್ಲ.

ಹಗುರಕ್ಕೆ ಅರ್ಥವೇ ಇಲ್ಲವೆಂದಲ್ಲ. ಗುರಿ ಇಟ್ಟು ಹೊಡೆಯುವ ಆಟಗಳಲ್ಲಿ ಬಲ್ಲವರು ಮೌಸಿನ ವೇಗವನ್ನು ತಗ್ಗಿಸಿಕೊಂಡು, ಮಣಿಕಟ್ಟಿನ ಬದಲು ಮುಂಗೈಯನ್ನೇ ಮೊಳದಗಲದ ಪ್ಯಾಡಿನ ಮೇಲೆ ಬೀಸುತ್ತಾರೆ. ಎತ್ತಿ, ಹಿಂದಕ್ಕಿಟ್ಟು, ಮತ್ತೆ ಬೀಸುತ್ತಾರೆ. ಒಂದು ಪಂದ್ಯದಲ್ಲಿ ಇದು ನೂರಾರು ಸಲ. ಭಾರದ ಮೌಸು ಹೊರಡುವುದಕ್ಕೂ ತಡ, ನಿಲ್ಲುವುದಕ್ಕೂ ತಡ. ಶತ್ರುವಿನ ತಲೆ ದಾಟಿ ಹಿಂದಿನ ಗೋಡೆಗೆ ಗುಂಡು ಹೋಗುತ್ತದೆ. ಆದ್ದರಿಂದ ನೂರು ಗ್ರಾಂನಿಂದ ಅರವತ್ತಕ್ಕೆ ಇಳಿದದ್ದು ಕೈಗೆ ತಿಳಿಯುತ್ತದೆ. ಅರವತ್ತರಿಂದ ಐವತ್ತೈದಕ್ಕೆ ಇಳಿದದ್ದು ಜೇಬಿಗೆ ಮಾತ್ರ ತಿಳಿಯುತ್ತದೆ ಎಂದು ನಮ್ಮ ಸಿದ್ಧಾಂತ.

ದರಿದ್ರರಿಗೊಂದು ಉಪಾಯವನ್ನೂ ಶಾಸ್ತ್ರ ಹೇಳಿದೆ. ಜಿ304ರ ಹೊಟ್ಟೆಯಲ್ಲಿರುವುದು ಒಂದು ಎಎ ಸೆಲ್ಲು, ಸುಮಾರು 23 ಗ್ರಾಂ. ಅದನ್ನು ತೆಗೆದು ಅದರ ಅರ್ಧ ತೂಕದ ಎಎಎ ಸೆಲ್ಲನ್ನು ಇಡುವುದು. ಎರಡರ ವೋಲ್ಟೇಜೂ ಒಂದೇ, ಆದರೆ ಎಎಎ ಸೆಲ್ಲು ಉದ್ದದಲ್ಲಿ ಆರು ಮಿ.ಮೀ. ಕಡಿಮೆ. ಆ ಸಂದಿಗೆ ಅಮ್ಮ ಚಪಾತಿ ಸುತ್ತಿಕೊಡುವ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ತುರುಕುವವರಿದ್ದಾರೆ. ಅಳತೆಗೆ ಸರಿಯಾದ ಪ್ಲಾಸ್ಟಿಕ್ ಅಡಾಪ್ಟರ್ ಅಗ್ಗಕ್ಕೇ ಸಿಗುವುದರಿಂದ ನಾವು ಉಂಡೆಯ ಪಕ್ಷವಲ್ಲ. ಅಡಾಪ್ಟರಿನ ತೂಕ ಬಿಟ್ಟರೆ ಹನ್ನೊಂದು ಗ್ರಾಂ ಉಳಿಯಿತು. ಮೇಲಿನ ದರದಲ್ಲಿ 2,200 ರೂಪಾಯಿ ಬೆಲೆಯ ಶೂನ್ಯ, ಗೂಡಂಗಡಿಯ ಸೆಲ್ಲಿನ ಬೆಲೆಗೆ. ಸೆಲ್ಲಿನ ಆಯುಷ್ಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಅದು ಬೇರೆ ಮಾತು.

ತೂಕ ಇಳಿಸಲು ಮೈತುಂಬ ಜೇನುಗೂಡಿನಂತೆ ತೂತು ಕೊರೆದ ಜಾತಿಯೊಂದುಂಟು. ಮಗ್ಗದ ಮನೆಯವರು ಇದನ್ನು ಮುಟ್ಟತಕ್ಕದ್ದಲ್ಲ. ಪವರ್‌ಲೂಮ್ ಓಡುವ ಮನೆಯಲ್ಲಿ ನೂಲಿನ ನವಿರು ಎಲ್ಲೆಲ್ಲಿ ಸೇರುತ್ತದೆಂದು ದೊಡ್ಡಬಳ್ಳಾಪುರದವರಿಗೆ ಹೇಳಬೇಕಿಲ್ಲ. ಅಡಿಯ ಕಣ್ಣಿಗೆ ಒಂದೆಳೆ ಸಿಕ್ಕಿಕೊಂಡರೂ ಗುರಿ ಆಕಾಶಕ್ಕೆ ನೆಗೆಯುತ್ತದೆ. ಮಗ್ಗದ ಅದುರಿನಿಂದ ಗುರಿ ತಪ್ಪುತ್ತದೆ ಎಂಬ ದೂರನ್ನು ಮಾತ್ರ ಪರಿಶೀಲಿಸಿ ತಳ್ಳಿಹಾಕಲಾಗಿದೆ. ಮೌಸೂ ಪ್ಯಾಡೂ ಕೂಡಿಯೇ ಅದುರುವಾಗ ಅವುಗಳ ನಡುವೆ ಚಲನೆಯೇ ಇಲ್ಲ. ಅದುರುವುದು ಆಟಗಾರನ ಕೈ.

ಇಷ್ಟೆಲ್ಲ ಬರೆದು ಮುಗಿಸುವಷ್ಟರಲ್ಲಿ ಚೀನಾದಿಂದ ಅಟ್ಯಾಕ್ ಶಾರ್ಕ್ ಎಕ್ಸ್3ರಂಥವು ಬಂದು, ತೂತಿಲ್ಲದೆ 49 ಗ್ರಾಂಗೆ ಇಳಿದು, ಸೂಪರ್‌ಲೈಟಿನ ಅರ್ಧ ಬೆಲೆಯನ್ನೂ ಕೇಳದೆ ನಮ್ಮ ಶೂನ್ಯಮೌಲ್ಯ ಸಿದ್ಧಾಂತವನ್ನು ಬುಡಸಮೇತ ಕಿತ್ತವು. ಕೊಳ್ಳಬಹುದೇ? ಕೊಳ್ಳಬಹುದು. ಕೆಟ್ಟರೆ ಯಾರ ಅಂಗಡಿ ಮೆಟ್ಟಿಲು ಹತ್ತಬೇಕು ಎಂದು ಮೊದಲೇ ಕೇಳಿ ತಿಳಿದುಕೊಂಡವರು ಕೊಳ್ಳಬಹುದು.

ಸುಳಿ ಪ್ರಕರಣ

ಎತ್ತು ಮಾರುವವನು ಸುಳಿ ತೋರಿಸುತ್ತಾನೆ, ಮೌಸು ಮಾರುವವನು ಅಂಕಿ ತೋರಿಸುತ್ತಾನೆ. ಪಿಎಡಬ್ಲ್ಯೂ 3395 ಎಂಬ ಪ್ರಸಿದ್ಧ ಸೆನ್ಸರಿನ ಗರಿಷ್ಠ ಡಿಪಿಐ 26,000. ಅಂದರೆ ಮೌಸು ಒಂದಂಗುಲ ಸರಿದರೆ 26,000 ಎಣಿಕೆ. 1,920 ಚುಕ್ಕೆ ಅಗಲದ ಪರದೆಯಲ್ಲಿ ಬಾಣದ ಗುರುತು ಒಂದಂಗುಲಕ್ಕೆ ಹದಿಮೂರು ಪರದೆ ದಾಟಿರುತ್ತದೆ. ಇದರಿಂದ ಉಪಯೋಗವೇನು? ಡಬ್ಬಿಯ ಮೇಲೆ ಅಚ್ಚು ಹಾಕಲು ಉಪಯೋಗ. ಪಳಗಿದ ಆಟಗಾರರು ಬಹುಪಾಲು 400ರಿಂದ 1,600ರೊಳಗೇ ಬಾಳುತ್ತಾರೆ.

ಅದೇ ಸೆನ್ಸರು ಸೆಕೆಂಡಿಗೆ 650 ಅಂಗುಲ ವೇಗದವರೆಗೂ ದಾರಿ ತಪ್ಪದು. ಗುಣಿಸಿದರೆ ಗಂಟೆಗೆ 59 ಕಿ.ಮೀ. ಬೆಳಗ್ಗೆ ಒಂಬತ್ತು ಗಂಟೆಗೆ ದೊಡ್ಡಬಳ್ಳಾಪುರ–ಯಲಹಂಕ ರಸ್ತೆಯಲ್ಲಿ ಬಸ್ಸು ಮುಟ್ಟದ ವೇಗವನ್ನು ಒಬ್ಬ ಪಿಯುಸಿ ಹುಡುಗನ ಮುಂಗೈ ಮುಟ್ಟುವುದೆಂದು ನಂಬುವುದಾದರೆ 3395 ಬೇಕು. ಇಲ್ಲವಾದರೆ ಅದರ ಬಡ ತಮ್ಮ 3311 ಸಾಕು, ಜಿ304ರ ಹೀರೋ ಸೆನ್ಸರೂ ಸಾಕು.

ಇನ್ನು ಹರ್ಟ್ಸ್. ಸಾವಿರ ಹರ್ಟ್ಸಿನ ಮೌಸು ತಾನೆಷ್ಟು ಸರಿದೆನೆಂದು ಸೆಕೆಂಡಿಗೆ ಸಾವಿರ ಸಲ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ. ಇದೇ ಮೌಸು ಡಬ್ಬಿಯೊಳಗಿದ್ದಾಗ ಹೊಸಕೋಟೆ ಕಡೆಯ ಗೋದಾಮಿನಿಂದ ದೊಡ್ಡಬಳ್ಳಾಪುರಕ್ಕೆ ಬರುವಷ್ಟರಲ್ಲಿ ತಾನೆಲ್ಲಿದ್ದೇನೆಂದು ನಾಲ್ಕು ಸಲ ಹೇಳಿದರೆ ಹೆಚ್ಚು. ಅದಿರಲಿ. ಎಂಟು ಸಾವಿರ ಹರ್ಟ್ಸಿನದು ಬೇಕೆಂದು ಹಟ ಹಿಡಿಯುವವರಿದ್ದಾರೆ. ಸಾವಿರದಿಂದ ಎಂಟು ಸಾವಿರಕ್ಕೆ ಹೋದರೆ ಉಳಿಯುವುದು ಒಂದು ಮಿಲಿಸೆಕೆಂಡಿಗೂ ಕಡಿಮೆ. ವ್ಯಾಲೊರಂಟಿನ ಸರ್ವರ್ ಇರುವುದು ಮುಂಬೈಯಲ್ಲಿ. ತಂತಿಯ ದಾರಿ ಸಾವಿರ ಕಿ.ಮೀ. ಎಂದಿಟ್ಟುಕೊಂಡರೆ ಗಾಜಿನ ಎಳೆಯಲ್ಲಿ ಬೆಳಕೇ ಓಡಿದರೂ ಹೋಗಿಬರಲು ಹತ್ತು ಮಿಲಿಸೆಕೆಂಡು ಬೇಕು. ಮನೆಯ ಹಳೇ 60 ಹರ್ಟ್ಸ್ ಮಾನಿಟರು ಒಂದು ಚಿತ್ರ ಬದಲಿಸಲು 16.7 ಮಿಲಿಸೆಕೆಂಡು ತಗೊಳ್ಳುತ್ತದೆ. ಮೌಸಿಗೆ ಹಾಕುವ ದುಡ್ಡನ್ನು ಕೂಡಿಟ್ಟು ಮಾನಿಟರಿಗೆ ಹಾಕಿ ಎಂಬ ಸಲಹೆ ಶಾಸ್ತ್ರಸಮ್ಮತ. ಕೇಳಿದವರಿಲ್ಲ.

ನಿಸ್ತಂತು ಪ್ರಕರಣ

ಬ್ಲೂಟೂತ್‌ನಲ್ಲಿ ಆಡಬಾರದು, ತಡವಾಗುತ್ತದೆ. ಮೌಸಿನ ಜೊತೆ ಬಂದ 2.4 ಗಿಗಾಹರ್ಟ್ಸ್ ಡಾಂಗಲ್ಲನ್ನೇ ಬಳಸಬೇಕು. ದೇವನಹಳ್ಳಿಯ ಕೆಲವರು ತಮ್ಮ ಸೋಲಿಗೆ ವಿಮಾನ ನಿಲ್ದಾಣದ ರೇಡಾರನ್ನು ದೂರುತ್ತಾರೆ. ವಿಚಾರಿಸಿ ನೋಡಿದರೆ ಡಾಂಗಲ್ಲನ್ನು ಸಿಪಿಯು ಬೆನ್ನಿಗೆ, ಸಿನಿಮಾ ತುಂಬಿದ ಹಾರ್ಡ್‌ಡಿಸ್ಕಿನ ಪಕ್ಕ ಚುಚ್ಚಿರುತ್ತಾರೆ. ಯುಎಸ್‌ಬಿ 3 ಪೋರ್ಟು ಅದೇ 2.4ರ ಸುತ್ತಮುತ್ತ ಗದ್ದಲ ಎಬ್ಬಿಸುವುದು ಬಹಳ ಹಿಂದೆಯೇ ತಿಳಿದ ಸಂಗತಿ. ಡಾಂಗಲ್ಲನ್ನು ಎಕ್ಸ್‌ಟೆನ್ಷನ್ ವೈರಿನಲ್ಲಿ ಮೇಜಿನ ಮೇಲೆ, ಮೌಸಿನ ಎದುರಿಗೆ ತಂದಿಟ್ಟರೆ ರೇಡಾರಿನ ಬಾಧೆ ನಿವಾರಣೆಯಾಗುತ್ತದೆ.

ಹಸ್ತ ಪ್ರಕರಣ

ಅಂಕಿಗಳೆಲ್ಲ ಮುಗಿದ ಮೇಲೆ ಉಳಿಯುವುದು ಕೈ. ಪಂಥಗಳು ಮೂರು: ಅಂಗೈಯನ್ನು ಪೂರಾ ಒರಗಿಸುವವರು, ಬೆರಳನ್ನು ಪಂಜದಂತೆ ಮಡಚುವವರು, ತುದಿಬೆರಳಲ್ಲಷ್ಟೇ ಹಿಡಿಯುವವರು. ಮೊದಲನೆಯವರಿಗೆ ಬೆನ್ನು ಉಬ್ಬಿದ ದೊಡ್ಡ ಮೌಸು, ಕೊನೆಯವರಿಗೆ ತಗ್ಗಿನ ಪುಟ್ಟ ಮೌಸು. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಗೆ ಅಳೆದಾಗ ಹತ್ತೊಂಬತ್ತು ಸೆಂ.ಮೀ. ದಾಟಿದವರು 117 ಮಿ.ಮೀ. ಉದ್ದದ ಜಿ304ನ್ನು ಅಂಗೈ ಒರಗಿಸಿ ಹಿಡಿದರೆ ಬೆರಳು ಮುಂದೆ ಚಾಚಿಕೊಂಡು ನೆಲ ಕೆರೆಯುತ್ತದೆ.

ಅಳೆಯಲು ಟೇಪಿಲ್ಲದವರಿಗೆ ನೆಲಮಂಗಲ ತಾಲ್ಲೂಕಿನಲ್ಲೊಂದು ಸಾಧನವುಂಟು. ಶಿವಗಂಗೆ ಬೆಟ್ಟದ ಒಳಕಲ್ಲು ತೀರ್ಥದಲ್ಲಿ ಕೈಯಿಳಿಸಿದಾಗ ನೀರು ತಾಕಿದವರ ಇಷ್ಟಾರ್ಥ ಈಡೇರುತ್ತದೆಂದು ನಂಬಿಕೆ. ಭಕ್ತರು ಇದನ್ನು ಪುಣ್ಯವೆನ್ನುತ್ತಾರೆ. ನೀರು ತಾಕಿದವನು ದೊಡ್ಡ ಮೌಸು ಕೊಳ್ಳಬಹುದೆಂಬ ಉಪಪತ್ತಿಯನ್ನು ನಾವು ಅಂಜುತ್ತಲೇ ಮಂಡಿಸಿದ್ದೇವೆ, ಅರ್ಚಕರು ಕ್ಷಮಿಸಬೇಕು.

ಕಷ್ಟವಿರುವುದು ಇಲ್ಲಿ. ಘಾಟಿಯಲ್ಲಿ ಹೋರಿಯ ಬಾಯಿ ಬಿಡಿಸಿ, ಬೆನ್ನು ತಟ್ಟಿ, ನಡೆಸಿ ನೋಡಿದ ಮೇಲೆ ದುಡ್ಡು ಬಿಚ್ಚುತ್ತಾರೆ. ಮೌಸನ್ನು ಮುಟ್ಟದೆಯೇ, ಫೋಟೊ ನೋಡಿ ತರಿಸಬೇಕು. ಗೇಮಿಂಗ್ ಕೆಫೆಗೆ ಹೋಗಿ ಒಂದು ಗಂಟೆಗೆ ದುಡ್ಡು ಕೊಟ್ಟು, ಆಡದೆ ಬರೀ ಅಲ್ಲಿನ ಮೌಸುಗಳನ್ನು ಹಿಡಿದು ನೋಡಿ ಬರುವುದು ಉತ್ತಮ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದರೆ ಡಬ್ಬಿ ಬಿಚ್ಚಿ ತೋರಿಸುವ ಅಂಗಡಿಯವರೂ ಇದ್ದಾರೆ. ಬಿಚ್ಚಿದ ಮೇಲೆ ಕೊಳ್ಳದೆ ಹೊರಬರುವ ಧೈರ್ಯ ನಿಮ್ಮಲ್ಲಿರಬೇಕು. ಜಿಲ್ಲೆಯಲ್ಲಿ ಕೊಂಡು ಮೂಲೆಗೆ ಬಿದ್ದ ಮೌಸುಗಳೆಲ್ಲ ಒಳ್ಳೆಯ ಸುಳಿಯವೇ. ಕೈಗೆ ಕೂರಲಿಲ್ಲ, ಅಷ್ಟೆ.

ಪಿತೃ ಪ್ರಕರಣ

ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ವಿದ್ಯೆ ಬಲ್ಲ ತಂದೆಗೆ ಹಬ್ಬದ ಸೇಲಿನ ರಿಯಾಯಿತಿ ತೋರಿಸಿ ಪ್ರಯೋಜನವಿಲ್ಲ. ‘ಮೊದ್ಲು ಜಾಸ್ತಿ ಬರ್ದು ಆಮೇಲೆ ಕಾಟು ಹೊಡ್ದವ್ರೆ’ ಎಂದು ಒಂದೇ ನೋಟಕ್ಕೆ ಹೇಳಿಬಿಡುತ್ತಾರೆ, ಹೇಳಿದ್ದು ಹೆಚ್ಚಾಗಿ ನಿಜವೂ ಆಗಿರುತ್ತದೆ. ಇ–ಸ್ಪೋರ್ಟ್ಸನ್ನು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಕ್ರೀಡಾ ಸಚಿವಾಲಯದ ಸುಪರ್ದಿಗೆ ಕೊಟ್ಟಿತು, ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಅದಕ್ಕೆ ಪದಕವನ್ನೂ ಕೊಟ್ಟರು ಎಂಬ ವಾದ ಹೂಡಬಹುದು. ಪ್ರತಿವಾದ ಸಿದ್ಧವಿರುತ್ತದೆ: ‘ಹಂಗಾರೆ ಸ್ಪೋರ್ಟ್ಸ್ ಕೋಟಾದಾಗೆ ಕೆಲ್ಸ ಕೊಡ್ತಾರಾ?’ ಇಲ್ಲಿ ಶಾಸ್ತ್ರ ಬಾಯಿ ಮುಚ್ಚಿಕೊಳ್ಳುತ್ತದೆ. ಫಲ ಕೊಡುವುದು ದಲ್ಲಾಳಿ ಮಾರ್ಗವೊಂದೇ; ದಲ್ಲಾಳಿ ಅಮ್ಮ. ‘ಕೊಡ್ಸಿ ಅತ್ಲಾಗೆ, ಹುಡ್ಗ ನೆಟ್ಟಗೆ ಉಣ್ತಾ ಇಲ್ಲ’ ಎಂಬ ಒಂದು ವಾಕ್ಯಕ್ಕೆ 26,000 ಡಿಪಿಐ ಸಾಟಿಯಲ್ಲ.

ಬಂದ ಮೇಲೆ ಎರಡು ವಿಧಿಗಳಿವೆ. ಒಂದು, ಅಡಿಯ ಪಾದಗಳಿಗೆ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆ ಇದ್ದರೆ ಕಿತ್ತೆಸೆಯಬೇಕು. ಕೀಳದೆ ಆಡಿ ‘ಜಾರ್ತಾ ಇಲ್ಲ’ ಎಂದು ವಾಪಸು ಕಳಿಸಿದವರುಂಟು. ಎರಡು, ಖರ್ಚು ಹಾಕಿದ ಅಪ್ಪನೂ ಮೌಸನ್ನು ಬಳಸುತ್ತಾರೆಂಬುದನ್ನು ಮರೆಯಬಾರದು. ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆದು, ಚಕ್ರ ಉರುಳಿಸಿ ಹಕ್ಕುದಾರರ ಹೆಸರು ನೋಡುವಾಗ ಚಕ್ರದ ಹಿಂದಿನ ಪುಟ್ಟ ಗುಂಡಿಗೆ ಬೆರಳು ತಾಕಿಯೇ ತಾಕುತ್ತದೆ. ಅದು ಡಿಪಿಐ ಬದಲಿಸುವ ಗುಂಡಿ. ರಾತ್ರಿ ಮಗ ಪಂದ್ಯಕ್ಕೆ ಕೂತು ಮೊದಲ ಸುತ್ತಿನಲ್ಲೇ ಗಿರ್ರನೆ ತಿರುಗಿ ಗೋಡೆ ನೋಡಿಕೊಂಡು ಸಾಯುತ್ತಾನೆ. ಆದಕಾರಣ ಪ್ರತಿ ಪಂದ್ಯಕ್ಕೆ ಮುಂಚೆ ಡಿಪಿಐಯನ್ನು 800ಕ್ಕೆ ತಂದುಕೊಳ್ಳತಕ್ಕದ್ದು. ಗುಂಡಿ ಒತ್ತಿದ್ದು ಯಾರೆಂದು ಮನೆಯಲ್ಲಿ ವಿಚಾರಣೆ ನಡೆಸತಕ್ಕದ್ದಲ್ಲ. ಮುಂದಿನ ಮೌಸಿಗೂ ಅವರೇ ದುಡ್ಡು ಕೊಡಬೇಕು.