ಇಸ್ತ್ರಿ ಮಾಡಿದ ರಸೀತಿ

ಹೋದ ವರ್ಷ ನಮ್ಮ ಮನೆಯಲ್ಲಿ ಅಪ್ಪನ ಬಿ.ಪಿ.ಗಿಂತ ಅಪ್ಪನ ಬಿ.ಪಿ. ಮಾತ್ರೆಯ ಬಿಲ್ಲಿಗೇ ಹೆಚ್ಚು ಆರೈಕೆ ನಡೆಯಿತು. ಅರವತ್ತು ದಾಟಿದ ತಂದೆತಾಯಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಅವರ ಔಷಧೋಪಚಾರದ ಖರ್ಚಿಗೆ ಆದಾಯ ತೆರಿಗೆಯ ಸೆಕ್ಷನ್ 80ಡಿ ಪ್ರಕಾರ ವರ್ಷಕ್ಕೆ 50,000 ರೂಪಾಯಿವರೆಗೆ ವಿನಾಯಿತಿ ಉಂಟೆಂದು ಆಫೀಸಿನ ಕ್ಯಾಂಟೀನಿನಲ್ಲಿ ಯಾರೋ ಹೇಳಿದ್ದರು. ಅಪ್ಪನಿಗೆ ವಿಮೆ ಇರಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ಇತ್ತು. ಕಂತು ಕಟ್ಟುವ ತಾರೀಖನ್ನು ನಾನು ಮರೆತಿದ್ದೆ. ಆ ಮರೆವಿಗೆ 'ತೆರಿಗೆ ಯೋಜನೆ' ಎಂದು ಹೆಸರಿಟ್ಟು ಹೆಂಡತಿಯ ಮುಂದೆ ಬಚಾವಾದೆ.

ಬನಶಂಕರಿ ಎರಡನೇ ಹಂತದ ನಮ್ಮ ಬಾಡಿಗೆ ಮನೆಯಲ್ಲಿ, ಖಾಲಿಯಾದ ಬಿಸ್ಕತ್ತಿನ ಡಬ್ಬವೊಂದು ಖಜಾನೆ ಹುದ್ದೆಗೆ ನೇಮಕವಾಯಿತು. ಮೂರು ತಿಂಗಳಲ್ಲಿ ಬಿಲ್ಲುಗಳಿಂದ ತುಂಬಿತು. ಹೆಮ್ಮೆಯಿಂದ ಆಡಿಟರ ಮುಂದೆ ಸುರಿದೆ.

"ಇದೆಲ್ಲ ಕ್ಯಾಶಾ?" ಎಂದರು.

ಕ್ಯಾಶೇ. ಅಪ್ಪ ಜಯನಗರ ನಾಲ್ಕನೇ ಬ್ಲಾಕಿಗೆ ಬಸ್ಸಿನಲ್ಲಿ ಹೋಗಿ, ಕಾಫಿ ಕುಡಿದು, ಮೆಡಿಕಲ್ ಶಾಪಿನಲ್ಲಿ ನೋಟು ಎಣಿಸಿ ಕೊಟ್ಟು ಬರುವವರು. 80ಡಿಯಲ್ಲಿ ನಗದು ನಡೆಯುವುದು ಮುಂಜಾಗ್ರತೆಯ ತಪಾಸಣೆಗೆ ಮಾತ್ರವಂತೆ, ಅದೂ 5,000 ರೂಪಾಯಿವರೆಗೆ. ಮಾತ್ರೆಗೆ ನಡೆಯುವುದಿಲ್ಲ.

"ಏನೋ, ಇಷ್ಟು ವರ್ಷ ನೋಟು ಕೊಟ್ಟು ತಗೊಂಡ ಮಾತ್ರೆ ಕೆಲಸ ಮಾಡಿಲ್ವೇನೋ?" ಎಂದು ಅಪ್ಪ ಕೇಳಿದ ಪ್ರಶ್ನೆಗೆ ಕಾಯಿದೆಯಲ್ಲಿ ಉತ್ತರವಿಲ್ಲ. ಆದರೂ ಅವರ ಫೋನಿಗೆ ಯುಪಿಐ ಹಾಕಿಸಿ ಎರಡು ಭಾನುವಾರ ಪಾಠ ಮಾಡಿದೆ. ಅಪ್ಪ ಕ್ಯೂಆರ್ ಫಲಕದ ಮುಂದೆ ಮಂಗಳಾರತಿ ಎತ್ತಿದಂತೆ ಫೋನನ್ನು ಮೂರು ಸುತ್ತು ತಿರುಗಿಸಿ, ಕೊನೆಗೂ ದುಡ್ಡು ಕಳಿಸಿದರು. ಮನೆಯಲ್ಲಿ ಪಾಯಸ ಆಯಿತು. ಆಮೇಲೆ ತಿಳಿಯಿತು: ವಿನಾಯಿತಿ ಕೇಳುವವನೇ ದುಡ್ಡು ಕೊಟ್ಟಿರಬೇಕು. ಹೋದದ್ದು ಅಪ್ಪನ ಪೆನ್ಷನ್ ಖಾತೆಯಿಂದ.

ಅಲ್ಲಿಂದ ಮುಂದೆ ನಾನೇ ಹೋಗಿ ನನ್ನ ಖಾತೆಯಿಂದ ಕೊಟ್ಟು ತರತೊಡಗಿದೆ. ಸಮಾಧಾನ ಅನ್ನುವಷ್ಟರಲ್ಲಿ ದೊಡ್ಡ ಬಿಲ್ಲೊಂದು ಪ್ಯಾಂಟಿನ ಜೇಬಿನಲ್ಲಿ ಮುದ್ದೆಯಾಯಿತು. ಶಿಸ್ತಿನ ಮನುಷ್ಯ ನೋಡಿ, ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಒಂದು ಸಲ ಎಳೆದೆ. ಬಿಲ್ಲು ದೋಸೆ ಸೀದಂತೆ ಪೂರ್ತಿ ಕಪ್ಪಾಯಿತು. ಆ ಕಾಗದದಲ್ಲಿ ಶಾಯಿಯೇ ಇರುವುದಿಲ್ಲವಂತೆ. ಲೇಪನಕ್ಕೆ ಬಿಸಿ ತಾಗಿದ ಕಡೆ ಅಕ್ಷರ ಮೂಡುತ್ತದೆ. ನಾನು ಇಡೀ ಹಾಳೆಯನ್ನೇ ಅಕ್ಷರ ಮಾಡಿದ್ದೆ. ಕಿಟಕಿಯ ಹತ್ತಿರ ಇಟ್ಟಿದ್ದವು ಇದಕ್ಕೆ ತದ್ವಿರುದ್ಧ, ಬೆಳಕಿಗೆ ಬಿಳಿಚಿಕೊಂಡು ಮಗಳ ಚಿತ್ರ ಬಿಡಿಸುವ ಹಾಳೆಗಳಾದವು.

ಕಡಿಮೆ ಬಿದ್ದಿದ್ದಕ್ಕೆ ಅತ್ತೆಯವರ ಕಣ್ಣಿನ ಆಪರೇಷನ್ ಬಿಲ್ಲು ಸೇರಿಸಲು ನೋಡಿದೆ. ಅತ್ತೆ ಮಾವ 80ಡಿಯ ಲೆಕ್ಕದಲ್ಲಿ ತಂದೆತಾಯಿ ಅಲ್ಲ. ಇದನ್ನು ಮನೆಯಲ್ಲಿ ಜೋರಾಗಿ ಓದಬಾರದಿತ್ತು.

"ರೀ, ನಮ್ಮಮ್ಮನ ಕೈಯ ಹೋಳಿಗೆ ತಿನ್ನುವಾಗ ಈ ಸೆಕ್ಷನ್ ಎಲ್ಲಿತ್ತು?" ಎಂದಳು. ಆ ಬಿಲ್ಲಿನ ದುಡ್ಡು ಅವಳೇ ಕೊಟ್ಟಿದ್ದಳು. ತನ್ನ ರಿಟರ್ನ್ಸಿನಲ್ಲಿ ತಾನೇ ವಿನಾಯಿತಿ ಪಡೆದಳು, ಬ್ಯಾಂಕ್ ಸ್ಟೇಟ್‌ಮೆಂಟು, ಸ್ಕ್ಯಾನ್ ಮಾಡಿದ ಬಿಲ್ಲು ಎಲ್ಲ ಒಂದೇ ಫೋಲ್ಡರಿನಲ್ಲಿ.

ಕೊನೆಗೆ ಆಡಿಟರು ನನ್ನ ಡಬ್ಬ ಮುಚ್ಚಿ, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. 2025-26ರ ಲೆಕ್ಕಕ್ಕೆ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆಯೇ ಇಲ್ಲ. ನನ್ನ ಸಂಬಳ ಅದರೊಳಗೇ ಇದೆ. ಹೊಸ ಪದ್ಧತಿಯಲ್ಲಿ 80ಡಿಯೂ ಇಲ್ಲ.

"ಹಾಗಾದ್ರೆ ಬಿಲ್ಲು?"

"ಬೇಡವೇ ಬೇಡ ಸಾರ್. ಫೀಸು ಮಾತ್ರ ಯುಪಿಐ ಮಾಡಿ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಪೇಪರ್ ಮಡಚಿಟ್ಟು, ಬನಿಯನ್ನಿನ ಜೇಬಿನಿಂದ ಐನೂರರ ನೋಟು ತೆಗೆದು ನೋಡಿ, ಚಪ್ಪಲಿ ಮೆಟ್ಟಿಕೊಂಡು ಜಯನಗರದ ಬಸ್ಸು ಹಿಡಿಯಲು ಹೊರಟರು. ಡಬ್ಬದಲ್ಲಿ ಈಗ ಹುಣಸೆಹಣ್ಣಿದೆ.