ಎಲ್ಲ ನೀರಿನ ಮಹಿಮೆ

ಅವರ ನಿಜ ಹೆಸರು ಬೇರೆ. ಕೇಶವಣ್ಣ ಎಂಬುದು ಡೊಂಬಿವಲಿಯಿಂದ ಬೆಳಿಗ್ಗೆ ಎಂಟೂ ಚಿಲ್ಲರೆಗೆ ಹೊರಡುವ ಫಾಸ್ಟ್ ಲೋಕಲಿನ ನಮ್ಮ ಗುಂಪು ಇಟ್ಟ ಹೆಸರು. ಕೇಶವ ಎಂದರೆ ಸೊಂಪಾದ ಕೂದಲುಳ್ಳವನು ಎಂದು ಗುಂಪಿನ ಸಂಸ್ಕೃತ ಮೇಷ್ಟ್ರು ಅರ್ಥ ಬಿಡಿಸಿ ಹೇಳಿದ ದಿನದಿಂದ ಅದೇ ಖಾಯಂ ಆಯಿತು. ಅವರಿಗೂ ಬೇಸರವಿಲ್ಲ. "ಇರ್ಲಿ ಮಾರಾಯ್ರೆ, ಹೆಸರಲ್ಲಾದ್ರೂ ಉಂಟಲ್ಲ" ಎನ್ನುತ್ತಾರೆ.

ಇಂಥವರೊಬ್ಬರು ನಿಮ್ಮ ಡಬ್ಬಿಯಲ್ಲೂ ಇದ್ದೇ ಇರುತ್ತಾರೆ. ಗುರುತು ಹಿಡಿಯುವುದು ಸುಲಭ. ಸೀಟು ಸಿಕ್ಕಿದ ಕೂಡಲೇ ಎರಡೂ ಕೈಯ ಬೆರಳು ಮಡಚಿ, ಉಗುರಿಗೆ ಉಗುರು ತಿಕ್ಕಲು ಶುರು. ಟಿವಿಯ ಯೋಗಗುರುಗಳಿಂದ ಬಂದ ವಿದ್ಯೆ ಅದು. ದಿವಾ ದಾಟುವಾಗ ಎದುರು ಸೀಟಿನವರೂ ತಿಕ್ಕುತ್ತಿರುತ್ತಾರೆ, ಮುಂಬ್ರಾ ಬರುವಾಗ ನಿಂತವರೂ, ಒಂದು ಕೈಯಲ್ಲಿ ಹಿಡಿಕೆ ಹಿಡಿದುಕೊಂಡವರು ಬಿಟ್ಟು. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಹೊಸಬರಾದರೆ ಭಜನಾ ಮಂಡಳಿಯವರು ತಾಳ ಮನೆಯಲ್ಲೇ ಮರೆತು ಬಂದಿದ್ದಾರೆ ಎಂದುಕೊಂಡಾರು. ಇದರಿಂದ ಕೂದಲು ಬಂದದ್ದನ್ನು ನಾನಂತೂ ನೋಡಿಲ್ಲ. ಉಗುರು ಮಾತ್ರ ಚೆನ್ನಾಗಿ ಹೊಳೆಯುತ್ತದೆ.

ಕೇಶವಣ್ಣ ಕುಂದಾಪುರದ ಕಡೆಯವರು. ಇಪ್ಪತ್ತೊಂದಕ್ಕೆ ಮುಂಬೈಗೆ ಬಂದರು. ಆಗಿನ ಅವರ ರೈಲ್ವೆ ಪಾಸಿನ ಫೋಟೋ ಇನ್ನೂ ಪಾಕೀಟಿನಲ್ಲಿದೆ. ನಂಬದವರಿಗೆ ತೆಗೆದು ತೋರಿಸುತ್ತಾರೆ. ಮೂವತ್ತಕ್ಕೆ ಹಣೆ ಎರಡೂ ಬದಿಯಿಂದ ಒಳಕ್ಕೆ ಸರಿಯಿತು. ಮೂವತ್ತೈದಕ್ಕೆ ನೆತ್ತಿಯಲ್ಲಿ ಒಂದು ರೂಪಾಯಿಯಷ್ಟು ಬಯಲು. ಆಮೇಲೆ ಹಣೆಯೂ ನೆತ್ತಿಯೂ ಕೈಕುಲುಕಿದವು. ಹ್ಯಾಮಿಲ್ಟನ್ ಎಂಬ ಅಮೆರಿಕದ ವಿಜ್ಞಾನಿ 1951ರಲ್ಲೇ ಗಂಡಸರ ಕೂದಲು ಹೋಗುವ ಈ ದಾರಿಯ ನಕ್ಷೆ ಬರೆದಿದ್ದ. 1975ರಲ್ಲಿ ನಾರ್ವುಡ್ ಅದನ್ನು ತಿದ್ದಿ ಏಳು ಹಂತ ಮಾಡಿದ. ಫಾಸ್ಟ್ ಲೋಕಲಿನ ಹಾಗೆ, ನಿಲ್ಲುವ ಜಾಗಗಳು ಮೊದಲೇ ನಿಗದಿ. ಆ ಲೆಕ್ಕದಲ್ಲಿ ಕೇಶವಣ್ಣ ಈಗ ದಾದರ್ ದಾಟಿದ್ದಾರೆ.

ಉಳಿದದ್ದನ್ನು ಅವರು ಉದ್ದ ಬಿಟ್ಟಿದ್ದರು. 2009ರಲ್ಲಿ ಬಾಂದ್ರಾ-ವರಳಿ ಸಮುದ್ರಸೇತುವೆ ತೆರೆಯುವ ಎಷ್ಟೋ ಮೊದಲು ಕೇಶವಣ್ಣ ಎಡಗಿವಿಯಿಂದ ಬಲಗಿವಿಗೆ ಸೇತುವೆ ಕಟ್ಟಿ ಮುಗಿಸಿದ್ದರು. ಆಗೆಲ್ಲ ಫಾಸ್ಟ್ ಲೋಕಲುಗಳು ಪಾರ್ಸಿಕ್ ಸುರಂಗದೊಳಗೆ ಹಾದುಹೋಗುತ್ತಿದ್ದವು. 1916ರ ಸುರಂಗ, ಒಂದು ಕಿಲೋಮೀಟರಿಗಿಂತ ಹೆಚ್ಚು ಉದ್ದ. ಹೊರಗೆ ಕತ್ತಲಾದ ಕೂಡಲೇ ಮುಚ್ಚಿದ ಕಿಟಕಿಯ ಗಾಜು ಕನ್ನಡಿಯಾಗುತ್ತಿತ್ತು. ಕೇಶವಣ್ಣ ಜೇಬಿನಿಂದ ಬಾಚಣಿಗೆ ತೆಗೆದು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಎಳೆ ಎತ್ತಿ ಆಚೆ ದಡ ಮುಟ್ಟಿಸುತ್ತಿದ್ದರು. ಬೆಳಕು ಬರುವಷ್ಟರಲ್ಲಿ ಕೆಲಸ ಮುಗಿಯಬೇಕು. ಸುರಂಗ ಕಳೆದು ಸ್ವಲ್ಪದರಲ್ಲೇ ಠಾಣೆಯ ಖಾಡಿ. ಬಾಗಿಲಿನಿಂದ ಒಂದು ಗಾಳಿ ನುಗ್ಗಿದರೆ ಇಡೀ ಸೇತುವೆ ಎದ್ದು ಪಕ್ಕದವರ ಪೇಪರಿನ ಮೇಲೆ ಕೂರುತ್ತಿತ್ತು. ಆ ಪಕ್ಕದವನು ಹೆಚ್ಚಿನ ದಿನ ನಾನೇ.

ಇಷ್ಟಾದರೂ ಕಾರಣ ಯಾವುದೆಂಬ ಬಗ್ಗೆ ಅವರಿಗೆ ಸಂಶಯವೇ ಇಲ್ಲ. "ಎಲ್ಲ ಈ ಬೊಂಬಾಯಿ ನೀರು ಮಾರಾಯ್ರೆ!" ಮುಂಬೈಯ ನೀರು ತುಳಸಿ, ವಿಹಾರ್, ತಾನ್ಸಾ, ಭಾತ್ಸಾ ಎಂದು ಏಳು ಕೆರೆಗಳಿಂದ ಬರುವ ಮಳೆನೀರು. ಅದಿರಲಿ, ಡೊಂಬಿವಲಿಯ ನಳದಲ್ಲಿ ಬರುವುದು ಉಲ್ಲಾಸ್ ನದಿಯ ನೀರು. ಆ ಏಳು ಕೆರೆಗಳಿಗೂ ಕೇಶವಣ್ಣನ ತಲೆಗೂ ಪರಿಚಯವೇ ಆಗಿಲ್ಲ. ಇದನ್ನು ಹೇಳಿದರೆ, "ಆಫೀಸಲ್ಲಿ ಕುಡಿಯುವುದು ಅದೇ ಅಲ್ವಾ?" ಎಂದರು. ಕುಡಿದ ನೀರು ತಲೆಗೆ ಏರುವುದು ಹೇಗೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಊರಿನಲ್ಲೇ ಉಳಿದು ಮನೆಯ ಬಾವಿ ನೀರಲ್ಲಿ ಮೀಯುವ ಅವರ ತಮ್ಮನನ್ನು ಒಂದು ಮದುವೆಯಲ್ಲಿ ನೋಡಿದೆ. ಕುಂಭಾಭಿಷೇಕಕ್ಕೆ ತಿಕ್ಕಿಟ್ಟ ತಾಮ್ರದ ಕೊಡದಂಥ ತಲೆ. ತಂದೆಯ ವಿಷಯ ತಿಳಿಯುವಂತಿಲ್ಲ: ಗೋಡೆಯ ಮೇಲಿನ ಒಂದೇ ಫೋಟೋದಲ್ಲಿ ಕರಿ ಟೋಪಿ ಹಾಕಿದ್ದಾರೆ. ಅಜ್ಜನದು ಮುಂಡಾಸು. ಆ ಮನೆತನದಲ್ಲಿ ಮೂರು ತಲೆಮಾರಿನಿಂದ ಸತ್ಯ ಬಟ್ಟೆಯ ಕೆಳಗೇ ಇದೆ. ಬೋಳು ತಾಯಿಯ ಕಡೆಯಿಂದ ಬರುತ್ತದೆ ಎಂಬುದೊಂದು ಮಾತು ಇದೆಯಲ್ಲ, ಅದೂ ಅರ್ಧವೇ ನಿಜ. ತಾಯಿಯಿಂದ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿ ಒಂದು ಮುಖ್ಯ ಜೀನ್ ಇದೆ. ಉಳಿದ ಎಷ್ಟೋ ಜೀನುಗಳು ಎರಡೂ ಕಡೆಯಿಂದ ಬರುತ್ತವೆ. ಅಂದರೆ ಬೀಗರಿಬ್ಬರೂ ಸೇರಿ ಮಾಡಿದ ಉಪಕಾರ.

2025ರ ಜನವರಿಯಲ್ಲಿ ಕೇಶವಣ್ಣ ಒಂದು ಪೇಪರ್ ಹಿಡಿದು ಗೆದ್ದವರ ಹಾಗೆ ರೈಲು ಹತ್ತಿದರು. ಬುಲ್ಢಾಣಾ ಜಿಲ್ಲೆಯ ಶೇಗಾಂವ್ ಕಡೆಯ ಹಳ್ಳಿಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳೆನ್ನದೆ ಕೆಲವೇ ದಿನದಲ್ಲಿ ಕೂದಲು ಕೈಗೆ ಬರುತ್ತಿದೆ, ನೀರಿನ ಮೇಲೆ ಅನುಮಾನ ಎಂದು ವರದಿ. "ಕಂಡಿರಾ?" ಆ ತುಂಡನ್ನು ಕತ್ತರಿಸಿ ಪಾಸಿನ ಫೋಟೋದ ಜೊತೆ ಇಟ್ಟುಕೊಂಡರು. ಮುಂದೆ, ಚೇಳಿನ ವಿಷಕ್ಕೆ ಮದ್ದು ಕಂಡುಕೊಂಡು ಹೆಸರಾದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅಲ್ಲಿನ ಗೋಧಿಯನ್ನು ಪರೀಕ್ಷೆ ಮಾಡಿಸಿ, ಅದರಲ್ಲಿ ಸೆಲೆನಿಯಮ್ ಅತಿಯಾಗಿದೆ, ಅದೇ ಕಾರಣವಿರಬೇಕು ಎಂದರು. ಆ ಪೇಪರನ್ನು ಕೇಶವಣ್ಣ ಕತ್ತರಿಸಲಿಲ್ಲ. ಆದರೆ ಒಂದು ತಿಂಗಳು ಮನೆಯಲ್ಲಿ ಚಪಾತಿ ಬಂದ್.

ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ ಎಂದು ಯಾರೋ ಹೇಳಿದ್ದೇ ತಡ, ಕೇಶವಣ್ಣ ಎಣಿಸತೊಡಗಿದರು. ಬಚ್ಚಲಿನ ಜಾಲರಿಯಿಂದ ಹೆಕ್ಕಿ, ಹಳೆ ಪೇಪರಿನ ಅಂಚಿನ ಬಿಳಿ ಜಾಗದಲ್ಲಿ ಸಾಲಾಗಿ ಮಲಗಿಸಿ, ಉದ್ದದ್ದನ್ನು ಹೆಂಡತಿಯ ಖಾತೆಗೆ ಕಳೆದು, ಉಳಿದ ಸಂಖ್ಯೆಯನ್ನು ಕಾಲನಿರ್ಣಯ ಕ್ಯಾಲೆಂಡರಿನ ಆಯಾ ತಾರೀಖಿನ ಮನೆಯಲ್ಲಿ ಬರೆಯುವುದು. ಅದೇ ಮನೆಯಲ್ಲಿ ಹಾಲಿನ ಲೆಕ್ಕವೂ ಇರುತ್ತಿತ್ತು. ತಿಂಗಳ ಕೊನೆಗೆ ಹಾಲಿನವನ ಮುಂದೆ ಅತ್ತಿಗೆ, "ಮಂಗಳವಾರ ಎಂಬತ್ನಾಲ್ಕು ಅಂತ ಉಂಟಲ್ಲ, ಇದು ಲೀಟರಾ?" ಎಂದು ಕೇಳಿ ಅವನ ಜೀವ ಹಾರಿಸಿದ್ದರು. ಬರಬರುತ್ತ ಸಂಖ್ಯೆ ನೂರರಿಂದ ಅರವತ್ತಕ್ಕೆ, ಅರವತ್ತರಿಂದ ಮೂವತ್ತೊಂದಕ್ಕೆ ಇಳಿಯಿತು. ಆ ದಿನ ಡಬ್ಬಿಯಲ್ಲೆಲ್ಲ ಪೇಡಾ ಹಂಚಿದರು. ಬೀಳಲು ಉಳಿದದ್ದೇ ಅಷ್ಟು ಎಂದು ಮೇಷ್ಟ್ರು ಮೆಲ್ಲಗೆ ಅಂದದ್ದು, ಪುಣ್ಯಕ್ಕೆ, ಘಾಟ್ಕೋಪರಿನಲ್ಲಿ ಹತ್ತಿದ ಜನರ ಗಲಾಟೆಯಲ್ಲಿ ಮುಳುಗಿಹೋಯಿತು.

ಅವರ ಚಿಕಿತ್ಸೆಗಳದ್ದು ಬೇರೆಯೇ ಪುರಾಣ. ದಾಸವಾಳದ ಎಲೆ, ಮೆಂತ್ಯ, ಗರುಗದ ಸೊಪ್ಪು ಕುದಿಸಿದ ತೆಂಗಿನೆಣ್ಣೆ, ಎಲ್ಲಕ್ಕೂ ಮೇಲೆ ನೀರುಳ್ಳಿ ರಸ. ನೀರುಳ್ಳಿಯಲ್ಲಿ ಅವರಿಗೆ ನಂಬಿಕೆ ಹುಟ್ಟಿದ್ದಕ್ಕೂ ಕಾರಣವಿದೆ. ಒಂದು ಮಳೆಗಾಲದಲ್ಲಿ ಡೆಂಗ್ಯೂ ಬಂದು ಮಲಗಿದ್ದರು. ದೀಪಾವಳಿಯ ಎಣ್ಣೆಸ್ನಾನದ ದಿನ ಉಳಿದ ಕೂದಲೂ ಹಿಡಿಹಿಡಿಯಾಗಿ ಬಂತು. ದೊಡ್ಡ ಜ್ವರ ಬಂದರೆ ಬಹಳಷ್ಟು ಕೂದಲು ಒಟ್ಟಿಗೆ ಬೆಳೆಯುವುದನ್ನು ನಿಲ್ಲಿಸಿ, ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಉದುರುತ್ತದೆ, ಬಾಣಂತಿಯರಿಗೂ ಹೀಗಾಗುವುದುಂಟು. ಏನೂ ಮಾಡದಿದ್ದರೂ ಆರು ತಿಂಗಳ ಮೇಲೆ ತಾನೇ ಬರುತ್ತದೆ. ಕೇಶವಣ್ಣ ಆ ಆರು ತಿಂಗಳು ನೀರುಳ್ಳಿ ಹಚ್ಚಿದರು. ಕೂದಲು ಬಂತು, ಕೀರ್ತಿ ನೀರುಳ್ಳಿಗೆ ಹೋಯಿತು. ಆ ಆರು ತಿಂಗಳು ಜನಜಂಗುಳಿಯ ಆ ಗಾಡಿಯಲ್ಲಿ ಅವರ ಸುತ್ತ ಮಾತ್ರ ಒಂದು ಗೇಣು ಜಾಗ ಇರುತ್ತಿತ್ತು.

ಉಪನಗರದ ಒಂದು ಕ್ಲಿನಿಕ್ಕಿಗೂ ಹೋಗಿದ್ದರು. ಬಿಳಿ ಕೋಟಿನ ಹುಡುಗಿ ಅವರ ಒಂದು ಕೂದಲಿನ ಬುಡವನ್ನು ಟಿವಿ ಪರದೆಯಲ್ಲಿ ತೆಂಗಿನಮರದಷ್ಟು ದೊಡ್ಡದು ಮಾಡಿ ತೋರಿಸಿ, ಹನ್ನೆರಡು ಕಂತಿನ ಪ್ಯಾಕೇಜು ಹೇಳಿದಳಂತೆ. "ತೆಂಗಿನ ಮರಕ್ಕೆ ಅಷ್ಟು ಗೊಬ್ಬರ ಹಾಕಿದ್ರೆ ಕಾಯಿಯಾದ್ರೂ ಬರ್ತಿತ್ತು" ಎಂದು ಎದ್ದು ಬಂದರು.

ಕೊನೆಗೆ ಒಂದು ಮುನ್ಸಿಪಾಲ್ಟಿ ಆಸ್ಪತ್ರೆಯ ಚರ್ಮದ ಡಾಕ್ಟರಮ್ಮ ಅವರ ತಲೆಯನ್ನು ಸರಿಯಾಗಿ ನೋಡಿದರು. ರಕ್ತ ಕಡಿಮೆಯುಂಟೋ, ಥೈರಾಯ್ಡ್ ಉಂಟೋ ಎಂದು ಪರೀಕ್ಷೆ ಮಾಡಿಸಿ, ಎರಡೂ ಇಲ್ಲವೆಂದಾದ ಮೇಲೆ ವಿಷಯ ಬಿಡಿಸಿದರು: ಗಂಡಸಿನ ಹಾರ್ಮೋನು ದೇಹದೊಳಗೆ ಡಿಎಚ್‌ಟಿ ಆಗುತ್ತದೆ; ಹಣೆಯ ಮತ್ತು ನೆತ್ತಿಯ ಕೂದಲ ಬುಡಕ್ಕೆ ಅದು ಆಗಿಬರುವುದಿಲ್ಲ, ಪ್ರತಿ ಸಲ ಹುಟ್ಟುವಾಗ ಇನ್ನಷ್ಟು ಸಪೂರ ಹುಟ್ಟಿ ಕಡೆಗೆ ರೋಮವಾಗುತ್ತದೆ. ಹಿಂದಲೆಯ ಕೂದಲಿಗೆ ಅದರ ಗೊಡವೆಯಿಲ್ಲ. ನಾಟಿ ಮಾಡುವವರು ಅಲ್ಲಿಂದ ಕಿತ್ತು ಮುಂದೆ ನೆಡುವುದು ಅದಕ್ಕೇ. ಇದರಲ್ಲಿ ಕೇಶವಣ್ಣನ ಕಿವಿಗೆ ಬಿದ್ದದ್ದು "ಗಂಡಸಿನ ಹಾರ್ಮೋನು" ಎಂಬುದೊಂದೇ. ಆ ವಾರವಿಡೀ ಎದೆಯುಬ್ಬಿಸಿ ನಡೆದರು.

ಹಚ್ಚಲು ಮಿನಾಕ್ಸಿಡಿಲ್ ಬರೆದುಕೊಟ್ಟಿದ್ದರು. ಅದು ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರಿಗೆ ಬೇಡದಲ್ಲೆಲ್ಲ ಕೂದಲು ಬಂತೆಂದು ತಲೆಗೆ ಹಚ್ಚುವ ದ್ರಾವಣ ಮಾಡಿ, 1988ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಶುರುವಿನ ಕೆಲವು ವಾರ ಇನ್ನೂ ಹೆಚ್ಚು ಉದುರಬಹುದು, ಹೆದರಬೇಡಿ, ನಾಲ್ಕಾರು ತಿಂಗಳು ಬಿಡದೆ ಹಚ್ಚಿ, ಬಂದ ಮೇಲೂ ಬಿಡಬೇಡಿ ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದ್ದರು. ಮೂರನೇ ವಾರ ಕ್ಯಾಲೆಂಡರಿನಲ್ಲಿ ತೊಂಬತ್ತೆರಡು ಕಂಡ ಕೇಶವಣ್ಣ ಬಾಟಲಿಯನ್ನು ದೇವರ ಕೋಣೆಯ ಕಪಾಟಿನ ಮೇಲಿಟ್ಟರು. ಈಗಲೂ ಅಲ್ಲೇ ಇದೆ, ಮುಕ್ಕಾಲು ತುಂಬಿ. ನುಂಗುವ ಫಿನಾಸ್ಟರೈಡ್ ಮಾತ್ರೆಯ ಮಾತೂ ಬಂದಿತ್ತು. ಅದರೊಳಗಿನ ಚೀಟಿಯಲ್ಲಿ ಅಡ್ಡ ಪರಿಣಾಮಗಳ ಸಾಲು ಓದಿ, ಎದೆಯುಬ್ಬಿಸಿದ ವಾರವನ್ನು ನೆನೆದು, ಚೀಟಿಯನ್ನು ಮೊದಲಿನ ಹಾಗೆಯೇ ಮಡಚಿ ಒಳಗಿಟ್ಟರಂತೆ.

ಕಳೆದ ವಾರ ನಮ್ಮ ಗುಂಪಿಗೆ ಒಬ್ಬ ಹೊಸ ಹುಡುಗ ಸೇರಿದ. ಬ್ಯಾಂಕಿನ ಕೆಲಸ, ಬೈಂದೂರಿನವನು, ಇಪ್ಪತ್ತಾರರ ಪ್ರಾಯ. ಕೇಶವಣ್ಣ ಉಗುರು ತಿಕ್ಕುವುದನ್ನು ನಿಲ್ಲಿಸಿ ಅವನ ಹಣೆಯನ್ನೇ ನೋಡಿದರು. ಎರಡೂ ಬದಿಯಲ್ಲಿ ಕೂದಲು ಸ್ವಲ್ಪ ಒಳಗೆ ಹೋಗಿತ್ತು.

"ತಮ್ಮಾ, ಬೊಂಬಾಯಿಗೆ ಬಂದು ಎಷ್ಟು ದಿನ ಆಯ್ತು?"

"ಮೂರು ತಿಂಗಳು ಅಂಕಲ್."

"ಮೂರೇ ತಿಂಗಳಿಗೆ ಇಷ್ಟು! ನೀರು ಹೇಗುಂಟು ನೋಡು."

"ನೀರೆಲ್ಲ ಅಲ್ಲ ಅಂಕಲ್, ನಮ್ಮ ಅಪ್ಪನದ್ದೂ ಹೀಗೇ ಹೋದದ್ದು" ಎಂದು ಹುಡುಗ ನಕ್ಕ.

ಮೇಷ್ಟ್ರು ಪೇಪರ್ ಕೆಳಗಿಟ್ಟರು. ಇಷ್ಟು ವರ್ಷದಲ್ಲಿ ಈ ಡಬ್ಬಿಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು. ಕೇಶವಣ್ಣ ಒಂದು ಕ್ಷಣ ಸುಮ್ಮನಾದರು. ಆಮೇಲೆ ಮುಂದಕ್ಕೆ ಬಾಗಿ ಕೇಳಿದರು:

"ಅಪ್ಪ ಎಲ್ಲಿದ್ರು?"

"ಅವರೂ ಇಲ್ಲೇ, ಮಾಟುಂಗದ ಹೋಟೆಲಲ್ಲಿ. ಹದಿನೆಂಟು ವರ್ಷ."

ಕೇಶವಣ್ಣ ತೊಡೆ ತಟ್ಟಿ ನಮ್ಮೆಲ್ಲರ ಕಡೆ ತಿರುಗಿದರು. "ಕೇಳಿದ್ರಾ? ನಾ ಎಂತ ಹೇಳಿದ್ದು!"