ಹುಚ್ಚರಾಯನ ಕೆರೆ ದಂಡೆಯ ಇನ್ನೊಬ್ಬ

ಶಿಕಾರಿಪುರದಲ್ಲಿ ಹುಚ್ಚು ಎಂಬ ಶಬ್ದಕ್ಕೆ ಬಹಳ ಮರ್ಯಾದೆ. ಊರದೇವರೇ ಹುಚ್ಚರಾಯಸ್ವಾಮಿ. ವ್ಯಾಸರಾಯರು ಪ್ರತಿಷ್ಠೆ ಮಾಡಿದರೆನ್ನುವ ಆಂಜನೇಯ, ಮೂಗಿನ ಮೇಲೆ ಸಾಲಿಗ್ರಾಮ, ಸಂಸ್ಕೃತದಲ್ಲಿ ಭ್ರಾಂತೇಶ. ಕೆರೆಯೂ ಅವನ ಹೆಸರಿನದೇ. ಆ ಕೆರೆ ದಂಡೆಯಲ್ಲಿ, ಪ್ರತಿಷ್ಠೆ ಗಿತಿಷ್ಠೆ ಏನೂ ಇಲ್ಲದೆ, ಇನ್ನೊಬ್ಬ ಭ್ರಾಂತ ಕಾಣಿಸಿಕೊಂಡದ್ದು ಕಳೆದ ಆಷಾಢದಲ್ಲಿ. ಅವನಿಗೆ ಸಕ್ಕರೆ ಕಾಯಿಲೆ ಇತ್ತು, ಕೈಯಲ್ಲಿ ಮಗನ ಹಳೇ ಮೊಬೈಲ್ ಇತ್ತು.

ಡಾಕ್ಟರು ಹೇಳಿದ್ದು ದಿನಕ್ಕೆ 45 ನಿಮಿಷ ನಡೆಯಿರಿ ಎಂದಷ್ಟೆ. ಆದರೆ ಬರಿಗೈಲಿ ನಡೆಯುವುದು ನನ್ನಂಥ ನಿವೃತ್ತ ಗುಮಾಸ್ತನಿಗೆ ಆಗಿಬರುವುದಿಲ್ಲ. ಒಂದು ರಿಜಿಸ್ಟರ್ ಬೇಕು, ಅದರಲ್ಲಿ ತಾರೀಕಿನ ಕಾಲಂ ಬೇಕು. ಜೊತೆಗೆ ತೇಜಸ್ವಿಯವರ ಪಕ್ಷಿಚಿತ್ರಗಳನ್ನು ನೋಡಿ ನೋಡಿ, ತಾಳ್ಮೆಯೊಂದಿದ್ದರೆ ಯಾರೂ ತೇಜಸ್ವಿ ಆಗಬಹುದು ಎಂಬ ತಪ್ಪು ತಿಳಿವಳಿಕೆಯೂ ಬಂದಿತ್ತು. ಹಕ್ಕಿ ಹಾರಿಹೋಗುತ್ತದೆ, ಕೆರೆ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಕೆರೆ. ಒಂದೇ ಜಾಗ, ಒಂದೇ ದಿಕ್ಕು, ಬೆಳಗಿನ ಆರೂವರೆ, 100 ದಿನ. ಮಳೆಗೆ ನೀರು ಏರುವುದು, ಅಂತರಗಂಗೆ ಹಬ್ಬುವುದು, ದಂಡೆಯ ಮೇಲೆ ಮಣ್ಣು ಹೋಗಿ ಸಿಮೆಂಟು ಬರುವುದು, ಎಲ್ಲವೂ ದಾಖಲಾಗಬೇಕು. ಊರಿನ ಹೆಸರೇ ಶಿಕಾರಿಯಿಂದ ಬಂದದ್ದು. ಹಿಂದೆ ಇದು ಮಳಿಯನಹಳ್ಳಿಯಂತೆ, ಆಮೇಲೆ ಮಹಾದಾನಪುರವಂತೆ, ಹೈದರನ ಕಾಲಕ್ಕೋ ಟಿಪ್ಪುವಿನ ಕಾಲಕ್ಕೋ ಬೇಟೆ ಚೆನ್ನಾಗಿ ಸಿಕ್ಕಿ ಶಿಕಾರಿಪುರವಾಯಿತಂತೆ. ನನ್ನದೂ ಒಂದು ಶಿಕಾರಿ ಎಂದುಕೊಂಡೆ.

ನಿಲ್ಲುವುದಕ್ಕೆ ಒಂದು ಚಪ್ಪಟೆ ಕಲ್ಲು ಆರಿಸಿದೆ. ಅದರ ಮೇಲೆ ನಿಂತರೆ ಆಚೆ ದಡದ ಒಂಟಿ ತೆಂಗಿನಮರ ಚೌಕಟ್ಟಿನ ಎಡತುದಿಗೆ ಸರಿಯಾಗಿ ಕೂರುತ್ತಿತ್ತು. ಮೊದಲ 9 ಚಿತ್ರಗಳಲ್ಲಿ ಹೆಬ್ಬೆರಳಿದೆ. ಹತ್ತನೆಯದರಲ್ಲಿ ಕೊಡೆಯ ಅಂಚಿದೆ. ಹನ್ನೊಂದರಿಂದ ಕಲೆ ಶುರು.

ಅಷ್ಟರಲ್ಲಿ ಊರು ನನ್ನನ್ನು ಗಮನಿಸಿತ್ತು.

“ಸರ್, ತಾವು ಸರ್ವೆಯವರಾ?” ಎಂದು ಒಬ್ಬರು ಮೆಲ್ಲಗೆ ಕೇಳಿದರು.

“ಇಲ್ಲ ಮಾರಾಯರೆ, ಸುಮ್ಮನೆ.”

ಈ ‘ಸುಮ್ಮನೆ’ಯನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ. ಜಡಿಮಳೆಯಲ್ಲಿ ಕೊಡೆ ಹಿಡಿದು ಕಲ್ಲಿನ ಮೇಲೆ ನಿಂತು ದಂಡೆಯ ಫೋಟೊ ಹೊಡೆಯುವವನು ಒತ್ತುವರಿ ಲೆಕ್ಕ ಹಾಕುತ್ತಿದ್ದಾನೆ ಎಂದೇ ಅರ್ಥ. ಮರುದಿನ ಒಂದು ಗೂಡಂಗಡಿ ಎರಡಡಿ ಹಿಂದೆ ಸರಿದಿತ್ತು. ಇನ್ನೆರಡು ದಿನಕ್ಕೆ, ಚರಂಡಿ ನೀರು ಕೆರೆಗೆ ಬರುವ ಬಗ್ಗೆ 14 ಸಹಿಗಳ ಒಂದು ಅರ್ಜಿ ನನ್ನ ಕೈಗೆ ಬಂತು. ನೌಕರಿಯ 34 ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೈಮುಗಿದು ಮಾತಾಡಿಸಿರಲಿಲ್ಲ. ನಾಚಿಕೆಗೇಡು, ಅರ್ಜಿ ಇಸಿದುಕೊಂಡು “ನೋಡೋಣ” ಎಂದುಬಿಟ್ಟೆ. ನಡುವೆ ಜ್ವರ ಬಂದು ಮೂರು ದಿನ ಹೋಗಲಿಲ್ಲ. ನಾಲ್ಕನೆಯ ದಿನ ಹೋದಾಗ ಗೂಡಂಗಡಿ ಸ್ವಸ್ಥಾನಕ್ಕೆ ಮರಳಿತ್ತು.

ಬಟ್ಟೆ ಒಗೆಯುವ ಹೆಂಗಸೊಬ್ಬಳಿಗೆ ಮಾತ್ರ ನನ್ನ ಅಧಿಕಾರದ ಬಗ್ಗೆ ಭ್ರಮೆಯಿರಲಿಲ್ಲ. “ಏನಣ್ಣ, ದಿನಾ ಬಂದ್ ನಿಲ್ತೀಯಲ್ಲ, ಏನ್ ಹಿಡೀತೀ ಅದ್ರಾಗೆ?” ಎಂದು ಒಗೆತ ನಿಲ್ಲಿಸಿ ಕೇಳಿದಳು. ನನ್ನ ಕಿವಿ ಬಿಸಿಯಾಯಿತು. “ನಿಮ್ಮದಲ್ಲ ತಾಯಿ, ನೀರಿಂದು” ಎಂದೆ. ಅವಳು ಒಮ್ಮೆ ಕೆರೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. “ನೀರು ಎಲ್ಲಿಗ್ ಹೋಗ್ತೈತಿ? ಇಲ್ಲೇ ಇರ್ತೈತಿ. ಬಿಸಿಲಾದ ಮ್ಯಾಲೆ ಬಾ.” ಅಂದಿನಿಂದ ಮೊಬೈಲನ್ನು ನಾಲ್ಕು ಬೆರಳು ಮೇಲಕ್ಕೆತ್ತಿ ಹಿಡಿದೆ. ಆ ಚಿತ್ರಗಳಲ್ಲಿ ಮುಕ್ಕಾಲು ಪಾಲು ಆಕಾಶ.

60ನೇ ದಿನ ಎಲ್ಲ ಚಿತ್ರಗಳನ್ನೂ ಒಂದರ ಹಿಂದೊಂದು ಸರಸರ ಸರಿಸಿ ನೋಡಿದೆ. ಎದೆ ಧಸಕ್ಕೆಂದಿತು. ಎಡತುದಿಯ ತೆಂಗಿನಮರ ಮೂವತ್ತನೇ ದಿನಕ್ಕೆ ನಡುವಿಗೆ ಬಂದಿತ್ತು, ಐವತ್ತಕ್ಕೆ ಬಲತುದಿ ಮುಟ್ಟಿತ್ತು, ಈಗ ಚೌಕಟ್ಟು ಬಿಟ್ಟು ಹೊರಟೇ ಹೋಗಿತ್ತು. ಕೆರೆ ಸರಿಯುತ್ತಿದೆ! ದಂಡೆ ಕುಸಿತವೋ, ಹೂಳಿನ ಒತ್ತಡವೋ, ಏನೋ ಘೋರವಾದದ್ದು. ವಾಕಿಂಗ್ ಗೆಳೆಯರಿಗೆ ಹೇಳಿದೆ. ಇಬ್ಬರು ಗಂಭೀರವಾಗಿ ತಲೆಯಾಡಿಸಿದರು. ಮೂರನೆಯವರು ಇದೆಲ್ಲ ತಮಗೆ ಮೊದಲೇ ಗೊತ್ತಿತ್ತು ಎಂದರು. ಪತ್ರಿಕೆಯ ಸಂಪಾದಕರಿಗೆ ಎರಡು ಪುಟದ ಪತ್ರ ಬರೆದು, ಅಂಚೆಗೆ ಹಾಕಲು ಸಂಜೆ ಅದೇ ದಾರಿಯಲ್ಲಿ ಹೊರಟೆ. ಸಂಜೆ ಹೊತ್ತು ನಾನು ಅಲ್ಲಿಗೆ ಹೋದದ್ದು ಅದೇ ಮೊದಲು.

ನನ್ನ ಕಲ್ಲು ವಿಕೆಟ್ ಆಗಿತ್ತು.

“ಅಂಕಲ್, ಪಿಚ್ ಕೆಸರಾಗತ್ತಲ್ಲ, ಅದಕ್ಕೆ ದಿನಾ ಸ್ವಲ್ಪ ಸ್ವಲ್ಪ ಈ ಕಡೆಗೆ ಎಳ್ಕೊತೀವಿ” ಎಂದ ಬೌಲರ್. ಕೆರೆಯೂ ತೆಂಗಿನಮರವೂ ಇದ್ದಲ್ಲೇ ಇದ್ದವು. ಎರಡು ತಿಂಗಳಿಂದ ಸರಿಯುತ್ತಿದ್ದವನು ನಾನು. ಪತ್ರ ಜೇಬಿನಲ್ಲೇ ಉಳಿಯಿತು. ಲುಂಗಿ ಜೊತೆ ಒಗೆತಕ್ಕೂ ಹೋಯಿತು.

ದೀಪಾವಳಿಗೆ ಹೆಂಡತಿಯ ತವರು ಸೊರಬಕ್ಕೆ ಹೊರಟೆವು. ಬಸ್ಸು ಶಿರಾಳಕೊಪ್ಪ ದಾಟುವಾಗ ತಾಳಗುಂದ ನೆನಪಾಗಿ ಮನಸ್ಸು ಇನ್ನಷ್ಟು ಕುಗ್ಗಿತು. ಅಲ್ಲಿನ ಪ್ರಣವೇಶ್ವರ ಗುಡಿಯೆದುರಿನ ಕಂಬದ ಶಾಸನವೂ ಕೆರೆಯದೇ. ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ. ಕುಬ್ಜ ಎಂಬ ಕವಿ ಅದಕ್ಕೆ ಕಾವ್ಯ ಬರೆದು ತಾನೇ ಕಲ್ಲಿಗಿಳಿಸಿದ. ಅದು ಐದನೆಯ ಶತಮಾನ, ಇವತ್ತಿಗೂ ಓದಬಹುದು. ಅವನ ಕಲ್ಲನ್ನು ಯಾವ ಹುಡುಗರೂ ವಿಕೆಟ್ ಮಾಡಿಕೊಂಡಿಲ್ಲ.

ಸೊರಬದಲ್ಲಿ ಸುಮ್ಮನಿರಬಹುದಿತ್ತು. “ಫೋಟೊ ಹುಚ್ಚಿದ್ದರೆ ಗುಡವಿಗೆ ಹೋಗಿ ಭಾವ, ಪಕ್ಷಿಧಾಮ ಇದೆ” ಎಂದ ಭಾವಮೈದುನ. ಕಲ್ಲು ನಂಬಿ ಕೆಟ್ಟವನು ಈ ಸಲ ಹರಿಯುವ ನೀರನ್ನು ನಂಬುತ್ತೇನೆ ಎಂದು ನಾನು ದಂಡಾವತಿ ದಡಕ್ಕೆ ಇಳಿದೆ. ಇಳಿದೆ ಎನ್ನುವುದು ಸೌಜನ್ಯದ ಮಾತು. ಅರ್ಧ ದಡ ಕಾಲಿನಲ್ಲಿ, ಉಳಿದರ್ಧ ಕುಂಡೆಯ ಮೇಲೆ. ಮೊಬೈಲ್ ಹಿಡಿದ ಕೈ ಮೇಲೆತ್ತಿ ಉಳಿಸಿಕೊಂಡೆ. ಕನ್ನಡಕ ದಂಡಾವತಿಯ ಪಾಲಾಯಿತು. ಅದು ಮುಂದೆ ವರದೆ ಸೇರುತ್ತದೆ. ಕನ್ನಡಕವೂ ಸೇರಿರಬೇಕು.

ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಟೀವಿಯಲ್ಲಿ ನನ್ನ 100 ದಿನ ನೋಡಲು ಕೂತರು. ಭಾವಮೈದುನನ ಮಗಳು ಮೊಬೈಲನ್ನು ಟೀವಿಗೆ ಜೋಡಿಸಿದಳು. ನನಗೆ ಕಾಣುತ್ತಿದ್ದುದು ಹಸಿರು ಮಬ್ಬು, ನೀಲಿ ಮಬ್ಬು. ಆದರೂ ವಿವರಣೆ ಬಿಡಲಿಲ್ಲ. “ಇಲ್ಲಿ ಅಂತರಗಂಗೆ ಹಬ್ಬಿದೆ ನೋಡಿ” ಎಂದೆ. “ಅದು ಎಮ್ಮೆ” ಎಂದಳು ಹೆಂಡತಿ.

ನಲವತ್ತಮೂರನೇ ಚಿತ್ರಕ್ಕೆ ಅತ್ತೆ ಕೈಯೆತ್ತಿದರು. ವಯಸ್ಸು 82, ಕನ್ನಡಕವಿಲ್ಲ. “ಅಳಿಯಂದಿರೆ, ಸ್ವಲ್ಪ ನಿಲ್ಸಿ. ಆ ಮೂಲೆಲಿ ಬೈಕ್ ಮೇಲೆ ಕೂತವ್ನು ಆ ಹುಡುಗ ಅಲ್ವಾ?”

ಕೋಣೆ ಸ್ತಬ್ಧವಾಯಿತು. ಶಿಕಾರಿಪುರದ ಒಂದು ಸಂಬಂಧ ಮಾತುಕತೆಯಲ್ಲಿತ್ತು. ಹುಡುಗ ಬೆಳಗೆದ್ದು ಹುಚ್ಚರಾಯನ ದರ್ಶನವಾಗದೆ ನೀರೂ ಮುಟ್ಟುವುದಿಲ್ಲ ಎಂದು ದಲ್ಲಾಳಿ ಹೇಳಿದ್ದರು. ಯಾರೂ ಹೇಳದೆಯೇ ಮದುಮಗಳಾಗಬೇಕಾದವಳು ಎರಡು ಬೆರಳಲ್ಲಿ ಆ ಮೂಲೆಯನ್ನು ಹಿಗ್ಗಿಸಿದಳು. ಆಮೇಲೆ 44, 47, 52. ಒಂದರಲ್ಲಿ ಸಿಗರೇಟು. ಒಂದರಲ್ಲಿ ತಲೆ ಹಿಂದಕ್ಕೆ ವಾಲಿಸಿ ಬಾಯಿಗೆ ಗುಟ್ಕಾ ಸುರಿದುಕೊಳ್ಳುವುದು. ಮುಂದಿನದರಲ್ಲಿ ಖಾಲಿ ಚೀಟಿ ಕೆರೆಯ ಮೇಲೆ ಗಾಳಿಯಲ್ಲಿ ತೇಲುತ್ತಿರುವುದು. ನನ್ನ ಸಂಗ್ರಹದಲ್ಲಿ ಸ್ಪಷ್ಟವಾಗಿ ಬಂದ ಚಿತ್ರಗಳೆಂದರೆ ಅವೇ.

1838ರಲ್ಲಿ ದಾಗೇರ್ ಎಂಬಾತ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದ. ಮೂಡಲು ಹಲವು ನಿಮಿಷ ಬೇಕಿದ್ದ ಕಾಲ. ಓಡಾಡುತ್ತಿದ್ದ ಜನ, ಗಾಡಿ, ಎಲ್ಲವೂ ಮಾಯವಾಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ನಿಂತಿದ್ದವನೊಬ್ಬ ಮಾತ್ರ ಉಳಿದ. ಫೋಟೊದಲ್ಲಿ ಸಿಕ್ಕಿಬಿದ್ದ ಮೊದಲ ಮನುಷ್ಯರಲ್ಲಿ ಅವನೊಬ್ಬನಂತೆ. ಇದನ್ನು ವಿವರಿಸಲು ಬಾಯಿ ತೆರೆದೆ. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಕೆರೆಯನ್ನಂತೂ ಯಾರೂ ನೋಡಲೇ ಇಲ್ಲ.

ಮರುದಿನ ಬಸ್ ಹತ್ತಿಸಲು ಬಂದ ಭಾವಮೈದುನ ಕಿಟಕಿಗೆ ಬಾಯಿ ತಂದು ದನಿ ತಗ್ಗಿಸಿದ.

“ಭಾವ, ಸಾಗರದಲ್ಲಿ ಇನ್ನೊಂದು ಹುಡುಗ ಇದೆ. ಅಲ್ಲೂ ಪೇಟೆ ಪಕ್ಕದಲ್ಲೇ ಗಣಪತಿ ಕೆರೆ ಉಂಟಲ್ಲ. ಒಂದು ಹದಿನೈದು ದಿನ ಅಲ್ಲಿಗೆ ವಾಕಿಂಗ್ ಹೋಗಿ ಬನ್ನಿ. ಕನ್ನಡಕದ ಖರ್ಚು ನಂದು.”